ಕುಸುಬೆ ಎಣ್ಣೆ ಕುಡಿದ ಇಂಜಿನ್

“ಪಿಂಜಾರ ಖಾಸಿಂ ಇಂಜಿನ್ನಿಗೆ ಎಣ್ಣೆ ಹಾಕುವುದನ್ನೇ ಮರೆತಿದ್ದ. ಮದ್ರಾಸಿನಿಂದ ದೊರೆ ಬಂದು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕಿದ, ಇಂಜಿನ್ ತಿರುಗಿತು.”

ಬಳ್ಳಾರಿಯಲ್ಲಿ ಹತ್ತಿಯ ಮಾತು ಬಂದಲ್ಲೆಲ್ಲ ಈ ಕಥೆಯನ್ನು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹೇಳುವವರು ನಗುತ್ತಾರೆ, ಕೇಳುವವರೂ ನಗುತ್ತಾರೆ. ಆ ಖಾಸಿಂ ನನ್ನ ತಂದೆ. ಅವರು ಎಣ್ಣೆ ಹಾಕುವುದನ್ನು ಒಂದು ದಿನವೂ ಮರೆತವರಲ್ಲ. ಹಾಕಿದ ಎಣ್ಣೆ ಯಾವುದು, ಹಾಕಿಸಿದವರು ಯಾರು ಎಂಬುದನ್ನು ಊರು ಮರೆತಿದೆ.

ಆ ದಿನಗಳಲ್ಲಿ, ಹತ್ತೊಂಬತ್ತನೆಯ ಶತಮಾನ ಮುಗಿಯಲು ಇನ್ನು ಕೆಲವೇ ವರ್ಷಗಳಿದ್ದಾಗ, ನಮ್ಮ ಕಡೆ ಹೊಸ ಹತ್ತಿ ಮತ್ತು ಹೊಸ ಕುಸುಬೆ ಒಟ್ಟಿಗೇ ಬರುತ್ತಿದ್ದವು. ಕುರುಗೋಡಿನ ದಾರಿಯುದ್ದಕ್ಕೂ ಹತ್ತಿಯ ಬಂಡಿಗಳು. ಜಾಲಿಯ ಮುಳ್ಳುಗಳಿಗೆ ಸಿಕ್ಕಿಕೊಂಡ ಅರಳೆಯನ್ನು ನಾವು ಮಕ್ಕಳು ಕಿತ್ತು ಗಡ್ಡ ಮಾಡಿಕೊಂಡು ಮುದುಕರ ಆಟ ಆಡುತ್ತಿದ್ದೆವು. ಓಣಿಯ ತುಂಬ ಹೊಸ ಎಣ್ಣೆಯಲ್ಲಿ ಹಾಕಿದ ಮಂಡಕ್ಕಿ ಒಗ್ಗರಣೆಯ ವಾಸನೆ.

ನಮ್ಮದು ಪಿಂಜಾರರ ಮನೆತನ, ಬಿಲ್ಲಿನ ನಾರಿ ಮಿಡಿದು ಹತ್ತಿಯನ್ನು ಎಕ್ಕಿ ಹಗುರ ಮಾಡುವವರು. ಬಿಲ್ಲನ್ನು ಬಿಟ್ಟು ಜಿನ್ನಿನ ಉಗಿ ಇಂಜಿನ್ನನ್ನು ಕಲಿತವರು ಅಪ್ಪ ಒಬ್ಬರೇ. ಅದು ಕುರುಗೋಡಿನ ಸಾವುಕಾರರೊಬ್ಬರು ಬಳ್ಳಾರಿಯಲ್ಲಿ ಹಾಕಿದ ಜಿನ್ನು, ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ಹಿಂದಿನ ವರ್ಷಗಳಲ್ಲೆಲ್ಲ ಇಂಜಿನ್ನಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಹಾಕುತ್ತಿದ್ದರು. ಆ ವರ್ಷ ಸಾವುಕಾರರು ಸ್ವಂತ ಗಾಣ ಹೂಡಿ, ಮೊದಲ ಕುಸುಬೆ ಎಣ್ಣೆಯ ಡಬ್ಬವನ್ನು ಪೂಜೆ ಮಾಡಿಸಿ ತಂದರು.

“ಎತ್ತಿಗೆ ಗೊಟ್ಟದಾಗ ಎಣ್ಣಿ ಕುಡಸ್ತೀವೋ ಇಲ್ಲೋ? ಇದೂ ನಮ್ಮ ಮನಿ ಎತ್ತ. ನಮ್ಮ ಗಾಣದ್ದ ಕುಡೀಲಿ.”

ಎತ್ತಿಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿದರೆ ಕಸುವು ಬರುತ್ತದೆಂಬುದು ನಮ್ಮ ಸೀಮೆಯ ರೈತರೆಲ್ಲರ ನಂಬಿಕೆ. ಅಪ್ಪ, “ಔಡಲದ್ದ ಇರ್ಲಿ ಬಿಡ್ರಿ ಧಣಿ,” ಎಂದು ಒಂದು ಸಲ ಹೇಳಿ ನೋಡಿದರು, ನಡೆಯಲಿಲ್ಲ.

ಹತ್ತು ದಿನ ಎಲ್ಲವೂ ಸರಿಯಿತ್ತು. ಆಮೇಲೆ ಬೆಳಿಗ್ಗೆ ಇಂಜಿನ್ ಏಳಲು ತಡಮಾಡತೊಡಗಿತು. ಉಗಿ ತುಂಬಿದರೂ ದೊಡ್ಡ ಗಾಲಿ ಕದಲದು. ನಾಲ್ಕು ಆಳು ಹಾರೆ ಹಾಕಿ ಮೀಟಬೇಕು. ಬೆಂಕಿ ಹಾಕುವ ಈರಣ್ಣ ನಗುತ್ತಿದ್ದ: “ಖಾಸಿಮಣ್ಣ, ನಿನ್ನ ಇಂಜಿನ್ ಹಬ್ಬಕ್ಕ ಬಂದ ಹೊಸ ಅಳಿಯ ಆಗೇತಿ ನೋಡು. ನಾಕ್ ಮಂದಿ ಕೈಮುಗದು ಎಬ್ಬಸ್ಬೇಕು!”

ಅಪ್ಪ ನಗಲಿಲ್ಲ. ಕಟ್ಟಿಗೆ ಹಸಿಯೇ ಎಂದು ನೋಡಿದರು. ಅಲ್ಲ, ಉಗಿಯ ಒತ್ತಡ ತೋರಿಸುವ ಮುಳ್ಳು ತನ್ನ ಜಾಗದಲ್ಲೇ ಇತ್ತು. ಒಳಗೆ ನೀರು ನಿಂತಿದೆಯೇ ಎಂದು ನಲ್ಲಿ ತೆರೆದು ಹರಿಯಬಿಟ್ಟರು, ಗುಣವಾಗಲಿಲ್ಲ. ಗಾಲಿಯ ಪಟ್ಟಾ ಕಳಚಿ ಜಿನ್ನಿನ ಯಂತ್ರಗಳ ಭಾರವನ್ನೇ ತಪ್ಪಿಸಿದರು. ಗಾಲಿ ಆಗಲೂ ಬಿಗಿ. ದೋಷ ಇಂಜಿನ್ನಿನಲ್ಲೇ ಇದೆ ಎಂದಾಯಿತು. ಇನ್ನೊಂದನ್ನೂ ಅವರು ಗಮನಿಸಿದ್ದರು: ಮಧ್ಯಾಹ್ನದ ಊಟಕ್ಕೆ ನಿಲ್ಲಿಸಿದರೆ ತೊಂದರೆಯಿಲ್ಲ, ಒಂದು ದಿನದ ರಜೆ ಕಳೆದರೆ ಅತಿ ಬಿಗಿ. “ಸುಮ್ಮನ ನಿಂತಾಗ ಒಳಗ ಏನೋ ಬಲೀತೈತಿ,” ಎನ್ನುತ್ತಿದ್ದರು.

ಅದೇನೆಂಬುದು ನನ್ನ ಕಿಸೆಯಲ್ಲಿತ್ತು. ಗಾಲಿಯ ಅಚ್ಚಿನ ಕೆಳಗಿನ ತಟ್ಟೆಯಲ್ಲಿ ಹಳದಿ ಅಂಟು ಕಟ್ಟುತ್ತಿತ್ತು. ಅದನ್ನು ಕೆರೆದು ಗುಂಡು ಮಾಡಿ ಆಡುವುದು ನನ್ನ ಚಟ. ಅಂಗಿ ಒಗೆಯುವಾಗ ಅವ್ವನಿಗೆ ಸಿಕ್ಕಿತು. ಬೆನ್ನಿಗೆ ಒಂದು ಬಿತ್ತು. ಆಮೇಲೆ ಅವಳು ಗುಂಡನ್ನು ಮೂಸಿ ನೋಡಿ ಅಪ್ಪನನ್ನು ಕರೆದಳು.

“ಏನ್ರೀ, ಇಲ್ನೋಡ್ರಿ. ಇದು ನಮ್ಮ ಎಣ್ಣಿ ಗಿಂಡಿ ಬಾಯಾಗಿನ ಜಿಡ್ಡಲ್ಲೇನು? ಎರಡು ದಿನ ಬಿಟ್ಟರ ಬೂದಿ ಹಾಕಿ ತಿಕ್ಕಿದರೂ ಹೋಗಂಗಿಲ್ಲ. ಕುಸುಬಿ ಎಣ್ಣಿ ಗಾಳಿಗೆ ಅಂಟಾಕ್ಕತಿ. ಔಡಲೆಣ್ಣಿ ಹಂಗ ಆಗಂಗಿಲ್ಲ.”

ಅಪ್ಪ ಗುಂಡನ್ನು ಬೆರಳಲ್ಲಿ ಹಿಸುಕುತ್ತ ನಿಂತರು. “ಅಚ್ಚಿಗೆ ನಾವ ಅಂಟು ಹಚ್ಚೀವಿ ಅನ್ನು.”

ಆ ಸಂಜೆಯೇ ಅವರೂ ಈರಣ್ಣನೂ ಅಚ್ಚು ಕೂರುವ ಹಿತ್ತಾಳೆಯ ತುಂಡುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ನಮ್ಮ ಮನೆಯ ಔಡಲ ಎಣ್ಣೆಯನ್ನು ಹಾಕಿದರು. ಮರುದಿನ ಉಗಿ ಬಿಟ್ಟೊಡನೆ ಇಂಜಿನ್ ಎದ್ದಿತು. ಹಾರೆ ಗೋಡೆಗೆ ಒರಗಿಯೇ ಇತ್ತು.

ಅಪ್ಪ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಸಾವುಕಾರರು ಕೇಳಿದಾಗ ಇದ್ದದ್ದನ್ನು ಇದ್ದಂತೆ, ಅಡತಿಯ ಹತ್ತಿ ವ್ಯಾಪಾರಿಗಳೆಲ್ಲರ ಎದುರಿಗೆ, ಹೇಳಿಬಿಟ್ಟರು.

“ನಮ್ಮ ಮನಿ ಎಣ್ಣಿ ಕೆಟ್ಟದ್ದಂತೀಯೇನ್ಲೇ? ದೇವರಿಗೆ ದೀಪ ಹಚ್ಚಿದ ಎಣ್ಣಿ!”

“ಎಣ್ಣಿ ಚೊಲೋ ಐತ್ರಿ ಧಣಿ. ಉಣ್ಣಾಕ ಚೊಲೋ ಐತಿ. ಕಬ್ಬಿಣಕ್ಕ ಆಗಂಗಿಲ್ರಿ.”

ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಅಪ್ಪನ ಅನ್ನವನ್ನು ಕಿತ್ತುಕೊಂಡಿತು ಎಂದು ಈರಣ್ಣ ಸಾಯುವವರೆಗೂ ಹೇಳುತ್ತಿದ್ದ.

ಇಂಜಿನ್ ಬಿಗಿಯತೊಡಗಿದಾಗಲೇ ಮದ್ರಾಸಿನ ಇಂಜಿನ್ ಕಂಪನಿಗೆ ತಂತಿ ಹೋಗಿತ್ತು. ಮೂರನೆಯ ದಿನ ಅಲ್ಲಿನ ಬಿಳಿಯ ದೊರೆ ಬಂದ. ಓಡುತ್ತಿದ್ದ ಇಂಜಿನ್ನನ್ನು ನಿಲ್ಲಿಸಿ, ಸಣ್ಣ ಸುತ್ತಿಗೆಯಿಂದ ಬೋಲ್ಟುಗಳನ್ನು ಟಕಟಕ ತಟ್ಟಿ, ಮತ್ತೆ ಓಡಿಸಿ, ಅಪ್ಪನನ್ನು ದುಭಾಷಿಯ ಮೂಲಕ ಬಹಳ ಹೊತ್ತು ವಿಚಾರಿಸಿ ಹೋದ. ಊರಿನ ಕಥೆಯ ಸುತ್ತಿಗೆ ಇದೇ. ಮರುದಿನ ಅಪ್ಪನನ್ನು ಕೆಲಸದಿಂದ ತೆಗೆದರು. ಎಣ್ಣೆ ಹಾಕಲು ಮರೆತವನು ಎಂಬ ಮಾತು ಅಂದು ಹುಟ್ಟಿತು. ತಮ್ಮ ಎಣ್ಣೆಯ ಮರ್ಯಾದೆ ಉಳಿಸಿಕೊಳ್ಳಲು ಒಬ್ಬ ಕೆಲಸಗಾರನ ಮರ್ಯಾದೆಯನ್ನು ಬೀದಿಗೆಸೆದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕ್ಷಮಿಸುವ ವಯಸ್ಸಾಯಿತೆಂದು ನನಗೆ ಬುದ್ಧಿ ಹೇಳುವವರು ಆ ಕಥೆಯನ್ನು ಹೇಳುವುದನ್ನು ಮೊದಲು ನಿಲ್ಲಿಸಲಿ.

ಅಪ್ಪ ಮರಳಿ ಬಿಲ್ಲು ಹಿಡಿದರು. ಬೆಳಿಗ್ಗೆ ಜಿನ್ನಿನ ಸಿಳ್ಳು ಕೇಳಿದಾಗ ಬಿಲ್ಲಿನ ನಾರಿಯ ಮೇಲೆ ಕೈಯಿಟ್ಟು, ಅದರ ಸದ್ದಡಗಿಸಿ, ಇಂಜಿನ್ ಎಷ್ಟು ಹೊತ್ತಿಗೆ ಏಳುತ್ತದೆಂದು ಕಿವಿಗೊಡುತ್ತಿದ್ದರು. ಸರಿಯಾಗಿ ಎದ್ದರೆ, “ಔಡಲದ್ದ ಹಾಕ್ಯಾರ,” ಎಂದು ಮತ್ತೆ ಎಕ್ಕಲು ತೊಡಗುತ್ತಿದ್ದರು. ತಪ್ಪು ಅವರದೆಂದವರು ಮುಂದೆ ಎಂದೂ ಕುಸುಬೆ ಎಣ್ಣೆಯನ್ನು ಹಾಕಲಿಲ್ಲ!

ನಾನು ಸಾಲೆ ಕಂಡವನಲ್ಲ. ಕನ್ನಡವನ್ನು ಅಂಗಡಿಯ ಹಲಗೆಗಳಿಂದ, ಇಂಗ್ಲಿಷನ್ನು ಹತ್ತಿಯ ಅಂಡಿಗೆಗಳ ಮೇಲಿನ ಅಕ್ಷರಗಳಿಂದಲೂ ಹಳೆಯ ಒಂದು ಪಾಠಪುಸ್ತಕದಿಂದಲೂ ಕಲಿತೆ. ಇಪ್ಪತ್ತೆರಡರ ವಯಸ್ಸಿನಲ್ಲಿ, ಮದುವೆಯ ಗಾದಿಗೆ ಹತ್ತಿ ಎಕ್ಕಲು ಕುರುಗೋಡಿನ ಅದೇ ಸಾವುಕಾರರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಗಾಜಿನ ಕಟ್ಟಿನೊಳಗೆ ದೊರೆಯ ಕಾಗದ ತೂಗುತ್ತಿತ್ತು. ಇಂಜಿನ್ ಎಬ್ಬಿಸಿದವನ ಕಾಗದವೆಂದು, ಬಂದವರಿಗೆಲ್ಲ ತೋರಿಸುವುದಕ್ಕಾಗಿ.

ಸಾವುಕಾರರ ಮಗ ಕೇಳಿದ: “ಏನ್ ನೋಡಾಕತ್ತೀಯಲೇ? ನಿನಗ ಓದಾಕ ಬರ್ತೈತೇನು?”

“ನಿಮಗ ಬರ್ತೈತೇನ್ರಿ?” ಎಂದೆ.

ಬಿಲ್ಲು ಹೊತ್ತುಕೊಂಡು ಹೊರಬೀಳಬೇಕಾಯಿತು. ಆದರೆ ಅಷ್ಟರಲ್ಲಿ ಪೂರ್ತಿ ಓದಿಯಾಗಿತ್ತು.

ಆ ಕಾಗದ ಈಗಲೂ ಅಲ್ಲೇ ಇದೆ, ಮಸಿ ಮಾಸಿಲ್ಲ. ನನ್ನ ಮಾತನ್ನು ನಂಬಬೇಡಿ. ಕುರುಗೋಡಿಗೆ ಹೋಗಿ, ಇಂಗ್ಲಿಷ್ ಬಲ್ಲವರೊಬ್ಬರನ್ನು ಕರೆದೊಯ್ದು ಓದಿಸಿ. ತಾನು ಬರುವ ಮೊದಲೇ ಇಂಜಿನ್ ದುರಸ್ತಾಗಿತ್ತು ಎಂದು ಆರಂಭದಲ್ಲಿದೆ. ಗಾಳಿಗೆ ಅಂಟಾಗುವ ಎಣ್ಣೆಯನ್ನು ಮುಂದೆ ಹಾಕಕೂಡದು ಎಂದು ನಡುವೆ ಇದೆ. ದೊರೆಯ ಸಹಿಗೆ ತಾಗಿದಂತಿರುವ ಕೊನೆಯ ಸಾಲಿನಲ್ಲಿ, ಈ ದೋಷವನ್ನು ಕಂಡುಹಿಡಿದ ಡ್ರೈವರನನ್ನು ಯಾವ ಕಾರಣಕ್ಕೂ ಕೆಲಸದಿಂದ ಬಿಡಬೇಡಿ ಎಂದಿದೆ.