ಮಗ್ಗ ನಿಲ್ಲಿಸಿದ ದಿನಗಳು

ಬೆಟಗೇರಿಯ ನಮ್ಮ ಮನೆಯಲ್ಲಿ ಪವರ್‌ಲೂಮ್ ಮಗ್ಗ ನಿಲ್ಲುವುದು ಹಬ್ಬಕ್ಕೆ, ಇಲ್ಲವೇ ಸಾವಿಗೆ. ಮಗಳ ನಿದ್ದೆಗಾಗಿ ಅದನ್ನು ನಿಲ್ಲಿಸಿದವಳು ನಾನೇ ಮೊದಲು.

ಮಗಳು ರಾಜ್ಯ ಹಾಕಿ ತಂಡದಲ್ಲಿ ಆಡುತ್ತಾಳೆ. ಭಾರತ ತಂಡದ ಆಯ್ಕೆ ಶಿಬಿರಕ್ಕೆ ಮುಂಚೆ ನಾಲ್ಕು ದಿನ ಮನೆಗೆ ಬರುವವಳಿದ್ದಳು. ಅದಕ್ಕೂ ಮೊದಲು ಅವಳ ಕೋಚ್‌ರ ಫೋನ್ ಬಂತು.

"ಅಮ್ಮಾರ, ಹುಡುಗಿ ಎರಡ ಸಲ ಪಾದ ಹೊರಳಿಸಿಕೊಂಡಾಳ. ರಾತ್ರಿ ನಿದ್ದಿ ಮಾಡಂಗಿಲ್ಲ. ನಿದ್ದಿಗೆಟ್ಟ ಕಾಲು ಮೈದಾನದಾಗ ಮಾತು ಕೇಳಂಗಿಲ್ಲರಿ. ಶಿಬಿರದಾಗ ಮತ್ತ ಹೊರಳಿದ್ರ ಆಟ ಮುಗಿದಂಗ. ಛಲೋತ್ನಂಗ ಮಲಗಸ್ರಿ."

ಅಂದಿನಿಂದ ನನ್ನ ನಿದ್ದೆಯೂ ಹಾರಿತು. ಅವಳು ಬಂದ ಕೂಡಲೇ ಮಗ್ಗ ಬಂದ್. ಯಜಮಾನರು ಮುಖ ಊದಿಸಿ ಕಟ್ಟೆಯ ಮೇಲೆ ಕುಳಿತರು. ಸನ್ಮಾನ ಮಾಡುತ್ತೇವೆಂದು ಹುಲಕೋಟಿಯಿಂದ ಶಾಲು ಹಿಡಿದು ಬಂದವರಿಗೆ ಅಂಗಳದಲ್ಲೇ ಚಹಾ ಕೊಟ್ಟು ಕಳಿಸಿದೆ. ಸೊಕ್ಕು ಅಂದುಕೊಂಡಿರಬೇಕು, ಅಂದುಕೊಳ್ಳಲಿ. ದೇವರಿಗೇ ಮಧ್ಯಾಹ್ನ ಗುಡಿಯ ಬಾಗಿಲು ಹಾಕುತ್ತಾರೆ, ನನ್ನ ಮಗಳಿಗೆ ಯಾಕೆ ಹಾಕಬಾರದು?

ಇಷ್ಟಾದರೂ ಅವಳು ಹಾಸಿಗೆಯಲ್ಲಿ ಹೊರಳಾಡುತ್ತಲೇ ಇದ್ದಳು. ಬೆಳಿಗ್ಗೆ ಕಣ್ಣು ಕೆಂಪು. ಹೊಸ್ತಿಲು ದಾಟುವಾಗ ನಾನು ಅವಳ ಮುಖ ಬಿಟ್ಟು ಪಾದ ನೋಡುತ್ತಿದ್ದೆ.

"ಅವ್ವಾ, ಹಂಗ ಕಾಲ ನೋಡಬ್ಯಾಡ. ನನಗೂ ಅಂಜಿಕಿ ಬರ್ತೈತಿ" ಅಂದಳು.

ಹೊರಡುವ ದಿನ ಮಧ್ಯಾಹ್ನ ಯಜಮಾನರ ತಾಳ್ಮೆ ಮುಗಿಯಿತು. ನಾನು ಹಿತ್ತಲಲ್ಲಿದ್ದೆ. ಖಟ್ ಖಟ್ ಎಂದು ಮಗ್ಗ ಶುರುವಾದದ್ದೇ ತಡ, ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿ ಬಂದೆ. ಅವರು ಗದ್ದ ಎತ್ತಿ ಒಳಕೋಣೆ ತೋರಿಸಿದರು.

ಮಗಳು ಬಾಯಿ ತೆರೆದು ಮಲಗಿದ್ದಳು. ಒಂದು ಕೈ ಮಂಚದಿಂದ ಜೋತು ಬಿದ್ದಿತ್ತು. ಕೂಸಿದ್ದಾಗ ಅವಳ ಜೋಳಿಗೆ ಕಟ್ಟಿದ್ದು ಇದೇ ಮಗ್ಗದ ಮಗ್ಗುಲಿನ ತೊಲೆಗೆ. ಆಗಲೂ ಹೀಗೇ ಮಲಗುತ್ತಿದ್ದಳು. ಕ್ರೀಡಾ ಹಾಸ್ಟೆಲ್ ಸೇರಿದ ಮೇಲೆ ಇಷ್ಟು ವರ್ಷ ಅಲ್ಲಿನ ನಿಶ್ಶಬ್ದದಲ್ಲಿ ಹೇಗೆ ಕಳೆದಳೋ!

ಅಷ್ಟರಲ್ಲಿ ಹಾಸಿನ ನೂಲೆಳೆಯೊಂದು ಹರಿದು ಮಗ್ಗ ನಿಂತಿತು. ಅವಳ ರೆಪ್ಪೆ ಅಲುಗಿತು. ಮದುವೆಯಾಗಿ ಬಂದಾಗಿನಿಂದ ಎಳೆ ಗಂಟು ಹಾಕುತ್ತಿರುವ ನನ್ನ ಬೆರಳಿಗೆ ಅಂದು ಗಂಟು ಕೂಡಲಿಲ್ಲ. ಯಜಮಾನರು ನನ್ನನ್ನು ಸರಿಸಿ, ಗಂಟು ಹಾಕಿ, ಸ್ವಿಚ್ ಒತ್ತಿದರು. ರೆಪ್ಪೆ ಮತ್ತೆ ಶಾಂತವಾಯಿತು.

ಸಂಜೆ ಅವಳನ್ನು ರೈಲಿಗೆ ಹತ್ತಿಸುವ ಮುಂಚೆ ಮಗ್ಗದ ಸಪ್ಪಳವನ್ನು ಅವಳ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟೆ. ಮರುದಿನ ಅವಳು ಶಿಬಿರದಿಂದ ಫೋನ್ ಮಾಡಿದಾಗ, ಅದನ್ನು ಹಚ್ಚಿಕೊಂಡರೆ ನಿದ್ದೆ ಬಂತೇ ಎಂದೇ ಮೊದಲು ಕೇಳಿದೆ.

"ಸಪ್ಪಳೇನೋ ಬರ್ತೈತವ್ವಾ. ಆದ್ರ ಮನ್ಯಾಗಿನಂಗ ನೆಲಾ ನಡಗಂಗಿಲ್ಲ."

ಶಿಬಿರ ಇನ್ನೂ ನಡೆದಿದೆ. ಕರೆಂಟ್ ಹೋಗಿ ಮಗ್ಗ ನಿಂತಾಗಲೆಲ್ಲ ನನ್ನ ಕೈ ಫೋನಿಗೆ ಹೋಗುತ್ತದೆ. "ಕಾಲು ಹೆಂಗೈತಿ?" ಅನ್ನುತ್ತೇನೆ, ಅವಳು ಹಲೋ ಅನ್ನುವ ಮೊದಲೇ.