ಕಿಟ್ಟಪ್ಪನಿಗೆ ಕೊಟ್ಟ ಗಂಜಿ ಸೀರೆ

ಸಿರಿ, ಚಿನ್ಮಯ, ಇವತ್ತು ಬೆಳಿಗ್ಗೆ ಕಾಲೊರೆಸು ಹೊಲಿಯೋಣವೆಂದು ಬೀರುವಿನ ತಳದಿಂದ ಹಳೇ ಸೀರೆಗಳನ್ನು ಎಳೆಯುತ್ತಿದ್ದೆ. ನಡುವೆ ಆ ನೀಲಿ ಹೂವಿನ ಸೀರೆ ಸಿಕ್ಕಿತು. ಸೆರಗಿನಲ್ಲಿ ನಾಲ್ಕು ತೂತು, ಅಂಚಿನ ತುಂಬ ಕಂದು ಕೂದಲು. ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. ಸಿರಿ, ನಿನ್ನ ಅಮ್ಮ ವೀಣಾ ಬಾಗಿಲಿನಿಂದ ನೋಡಿದಳು.

"ಅತ್ತೆ, ಅದನ್ನ ಮಷೀನಿಗೆ ಹಾಕ್ಲಾ? ನಾಯಿ ವಾಸನೆ ಇಲ್ಲೀವರೆಗೂ ಬರ್ತಿದೆ."

"ಬೇಡ" ಎಂದೆ. ನಾನು ಹಾಗೆ ಥಟ್ಟನೆ ಬೇಡ ಎನ್ನುವವಳಲ್ಲ. ಮದುವೆ ಮನೆಯಲ್ಲಿ ಬಡಿಸುವವರಿಗೆ ಬೇಡ ಎನ್ನಲಾರದೆ ಐದು ಹೋಳಿಗೆ ತಿಂದು ಎರಡು ದಿನ ಮಲಗಿದವಳು ನಾನು. ವೀಣಾ ಪಾಪ, ಗಾಬರಿಯಾಗಿ ಒಳಗೆ ಹೋದಳು. ಕಾರಣವನ್ನು ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್ಟಪ್ಪ ನಿಮ್ಮ ತಾತ ತಂದ ನಾಯಿ. ತ್ಯಾಗರಾಜನಗರದ ನಮ್ಮ ಬೀದಿಯ ಮೋರಿ ಪಕ್ಕದಲ್ಲಿ ಸಿಕ್ಕಿದ ಮರಿ. ಒಂದು ಕಿವಿ ನಿಂತಿತ್ತು, ಇನ್ನೊಂದು ಸೋತಿತ್ತು. ನಾಯಿಗೆ ಮನುಷ್ಯರ ಹೆಸರೇ ಎಂದು ನಾನು ಕೇಳಿದ್ದಕ್ಕೆ, "ಮುಖ ನೋಡು, ರಿಟೈರಾದ ಗುಮಾಸ್ತನ ಹಾಗಿಲ್ವಾ?" ಎಂದಿದ್ದರು ತಾತ. ಅವರು ತೀರಿಕೊಂಡಾಗ ಕಿಟ್ಟಪ್ಪ ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಐದನೆಯ ದಿನ ಬೆಳಿಗ್ಗೆ ಚಳಿಯೆಂದು ತಾತನ ಸ್ವೆಟರ್ ಹಾಕಿಕೊಂಡು ಹಿತ್ತಲಿಗೆ ಹೋದೆ. ಕಿಟ್ಟಪ್ಪ ಎದ್ದು ಬಂದು ನನ್ನ ಕಾಲ ಬಳಿ ಕೂತ. ಬುದ್ಧಿ ಹೇಳಿದೆ, ಮೊಸರನ್ನ ಇಟ್ಟೆ, ತಿಂದ. ನನ್ನ ಬುದ್ಧಿಮಾತು ಕೆಲಸ ಮಾಡಿತೆಂದು ಬಹಳ ದಿನ ಹೆಮ್ಮೆಪಟ್ಟಿದ್ದೆ.

ಮರುವರ್ಷ, ಚಿನ್ಮಯ, ನಿನ್ನ ನಾಮಕರಣ ಗೊತ್ತಾಯಿತು. ಹಾಸನದಲ್ಲಿ, ನನ್ನ ಮಗಳು ಸೇರಿದ ನಿನ್ನ ಅಪ್ಪನ ಮನೆಯಲ್ಲಿ. ಅಲ್ಲಿನ ನಿನ್ನ ಅಜ್ಜಿಯದು ಬಲು ಮಡಿ. ನಾಯಿಯ ನೆರಳು ಅಂಗಳ ದಾಟಿದರೂ ತಲೆಗೆ ನೀರು ಹಾಕಿಕೊಳ್ಳುವವರು. ಕಿಟ್ಟಪ್ಪನನ್ನು ಕರೆದೊಯ್ಯುವಂತಿಲ್ಲ. ನನಗೆ ಒಂದೇ ಭಯ: ಮತ್ತೆ ಅನ್ನ ಬಿಟ್ಟರೆ? ಆಗಲೇ ವಯಸ್ಸಾಗಿದ್ದ ಜೀವ.

"ಪೆಟ್ ಸಿಟರ್ ಅಂತ ಇರ್ತಾರಮ್ಮ, ಮನೇಲಿ ಇಟ್ಕೊಂಡು ನೋಡ್ಕೋತಾರೆ" ಎಂದ ನನ್ನ ಮಗ, ಸಿರಿಯ ಅಪ್ಪ. ಭಾನುವಾರ ಒಬ್ಬ ಹುಡುಗಿಯನ್ನು ಕರೆಸಿದ. ಅನುಷಾ ಎಂದು ಹೆಸರು, ಬಿಟಿಎಂ ಲೇಔಟಿನಲ್ಲಿ ಮನೆ. ನಾನು ಅಡುಗೆಮನೆ ಪರದೆಯ ಹಿಂದೆ ನಿಂತು ನೋಡಿದೆ. ಬಂದವಳೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು, ಕಿಟ್ಟಪ್ಪ ಅವಳ ಕಾಲುಚೀಲ ಎಳೆದ. ಸಂಬಂಧ ಕುದುರಿತು.

ಹೊರಡುವಾಗ ಅವಳು ನನ್ನ ಕಡೆ ತಿರುಗಿ, "ಅಜ್ಜಿ, ನೀವು ಉಟ್ಟು ಬಿಟ್ಟಿರೋ ಒಂದು ಸೀರೆ ಜೊತೇಲಿ ಕಳಿಸಿ. ನಿಮ್ಮ ವಾಸನೆ ಇದ್ರೆ ಚೆನ್ನಾಗಿ ತಿಂದು ಮಲಗ್ತಾನೆ" ಎಂದಳು.

ನನ್ನ ವಾಸನೆ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಿನಕ್ಕೆರಡು ಸಲ ಸ್ನಾನ ಮಾಡುವವಳು ನಾನು. ಅವಳು ಹೋದಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ತೋಳು ಮೂಸಿ ನೋಡಿಕೊಂಡೆ. ಏನೂ ತಿಳಿಯಲಿಲ್ಲ. ಮತ್ತೊಮ್ಮೆ ಸ್ನಾನ ಮಾಡಿದೆ.

ಮಕ್ಕಳೇ, ನಮ್ಮೂರಿನಲ್ಲಿ ಹೆಣ್ಣು ಮಗಳನ್ನು ಕಳಿಸುವಾಗ ಅವಳ ಪೆಟ್ಟಿಗೆಯಲ್ಲಿ ಒಂದು ಮಾಸಿದ ಬಟ್ಟೆ ಕಂಡರೂ ತಾಯಿಯ ಮಾನ ಹೋದಂತೆ. ಅನ್ಯರ ಮನೆಗೆ ಉಟ್ಟ ಸೀರೆ ಕಳಿಸುವುದುಂಟೇ? ಈ ನೀಲಿ ಸೀರೆಯನ್ನು ಮೂರು ಸಲ ಒಗೆದೆ. ಗಟ್ಟಿ ಗಂಜಿ ಹಾಕಿದೆ. ಇಸ್ತ್ರಿ ಗಾಡಿಯವನಿಗೆ ಕೊಟ್ಟು, ಮಡಿಕೆಯ ನಡುವೆ ಗಂಧದ ಸೋಪಿನ ಕಾಗದ ಇಟ್ಟೆ. ಮದುವಣಗಿತ್ತಿಗೆ ಕೊಡಬಹುದಾಗಿತ್ತು, ಹಾಗಾಯಿತು.

ಜೊತೆಗೆ ಕಾಗದ ಬರೆದೆ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದು ಒಂದೇ ಬಗೆ. ಹಾಗಾಗಿ ಆ ಇಪ್ಪತ್ತೈದರ ಹುಡುಗಿಗೆ "ಮಾತೃಶ್ರೀ ಸಮಾನರಾದ ಅನುಷಾ ಅವರಿಗೆ ನಮಸ್ಕಾರಗಳು, ಇಲ್ಲಿ ಎಲ್ಲರೂ ಕ್ಷೇಮ" ಎಂದೇ ಶುರುಮಾಡಿದೆ. ಚಪಾತಿಯನ್ನು ನಾಲ್ಕು ಚೂರು ಮಾಡಿ ಕೊಡಬೇಕು, ಐದು ಮಾಡಿದರೆ ಒಂದನ್ನು ಸೋಫಾದ ಕೆಳಗೆ ಬಚ್ಚಿಡುತ್ತಾನೆ. ಪ್ರೆಶರ್ ಕುಕ್ಕರ್ ಕೂಗಿದರೆ ಅವನೂ ಕೂಗುತ್ತಾನೆ, ತಪ್ಪು ತಿಳಿಯಬೇಡಿ. ಇಂಥವು ಮೂರು ಪುಟ. ಸಿರಿ, ಐದು ವರ್ಷದ ನೀನು ಚೀಲದ ಮೇಲೆ ಅವನ ಚಿತ್ರ ಬರೆದೆ. ಆಮೆಯ ಹಾಗಿತ್ತು.

ಗುರುವಾರ ಕಳಿಸುವ ಮುಂಚೆ ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಹೋದೆ. ಮುಷ್ಟಿಯಲ್ಲಿ ತಿಂಡಿ ಇದೆಯೆಂದು ಅವನು ಹಾರಿದ. ಮೆಣಸಿನಕಾಯಿ ಚೆಲ್ಲಿತು, ಉಪ್ಪೆಲ್ಲ ಸಿರಿಯ ಅಪ್ಪನ ತಲೆಯ ಮೇಲೆ. ಅವನಿಗೆ ಒಂದು ಸಲ ದೃಷ್ಟಿ ತೆಗೆದಂತಾಯಿತು, ಇರಲಿ.

ಶುಕ್ರವಾರ ಬೆಳಿಗ್ಗೆ ಚೀಲಗಳೆಲ್ಲ ಬಾಗಿಲಿಗೆ ಬಂದಿವೆ, ಹನ್ನೆರಡಕ್ಕೆ ಹಾಸನಕ್ಕೆ ಹೊರಡಬೇಕು. ಅನುಷಾಳ ಫೋನು ಬಂತು. ಕಿಟ್ಟಪ್ಪ ನಿನ್ನೆಯಿಂದ ಏನೂ ತಿಂದಿಲ್ಲ.

ನಾನು ಚಪ್ಪಲಿ ಬಿಚ್ಚಿಟ್ಟು ಕೂತುಬಿಟ್ಟೆ. "ನೀವು ಹೋಗಿ ಬನ್ನಿ. ನಾನು ಬರಲ್ಲ."

"ಅಮ್ಮಾ! ಮೊಮ್ಮಗನ ನಾಮಕರಣ! ತಂಗಿಗೆ ಏನಂತ ಹೇಳ್ಲಿ, ನಾಯಿ ಮುನಿಸ್ಕೊಂಡಿದೆ ಅಂತಲಾ?" ಎಂದ ಸಿರಿಯ ಅಪ್ಪ.

ಫೋನಿನಲ್ಲಿ ಇನ್ನೂ ಅನುಷಾ ಇದ್ದಳು. "ಅಜ್ಜೀ, ಒಂದು ಕೇಳ್ಲಾ? ಸೀರೆ ಒಗೆದ್ರಾ?"

"ಸ್ವಲ್ಪ" ಎಂದೆ.

"ಗಂಜಿ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅಜ್ಜಿ, ಅದು ತಾನಾಗೇ ನಿಂತ್ಕೊಳ್ತಿದೆ! ಅವನು ಅದರ ಮೇಲೆ ಕಾಲಿಟ್ಟು ಜಾರಿ ಬಿದ್ದ. ಸೋಪು ವಾಸನೆಗೆ ಹದಿನೈದು ಸಲ ಸೀನಿದ್ದಾನೆ. ಈಗ ಉಟ್ಟಿದ್ದೀರಲ್ಲ, ಅದನ್ನೇ ಕಳಿಸಿ. ಒಗೀಬೇಡಿ. ನನ್ನಾಣೆ!"

ಆಗ ಉಟ್ಟಿದ್ದು ಇದರ ಜೋಡಿ, ಬೂದು ಬಣ್ಣದ್ದು. ಹಾಸನಕ್ಕೆ ಹೊಸದು ಉಡುವುದೆಂದು ಬೆಳಗಿನಿಂದ ಅದರಲ್ಲೇ ಪುಳಿಯೋಗರೆ ಕಲಸಿ, ಪಾತ್ರೆ ತೊಳೆದು, ಬೆವತಿದ್ದೆ. ಇಂಗು, ಎಣ್ಣೆ, ಹುಣಸೆ, ಎಲ್ಲವೂ ಇತ್ತು. ಕೋಣೆಗೆ ಹೋಗಿ ಬಿಚ್ಚಿ, ಕದ್ದ ಮಾಲಿನ ಹಾಗೆ ಮೂರು ಕವರಿನಲ್ಲಿ ಸುತ್ತಿ ಮಗನ ಕೈಗೆ ಕೊಟ್ಟೆ. ಅವನ ಮುಖ ನೋಡಲಿಲ್ಲ. ಅವನು ಸ್ಕೂಟರಿನಲ್ಲಿ ಓಡಿದ.

ಆ ಮುಕ್ಕಾಲು ಗಂಟೆ ಕೂತಿದ್ದಾಗಲೇ ನನಗೆ ತಾತನ ಸ್ವೆಟರ್ ನೆನಪಾಯಿತು. ಕಿಟ್ಟಪ್ಪ ಎದ್ದು ಬಂದದ್ದು ನನ್ನ ಬುದ್ಧಿಮಾತಿಗಲ್ಲ. ಆ ಮನೆಯಲ್ಲಿ ಒಗೆಯದೆ ಉಳಿದಿದ್ದ ತಾತನ ಬಟ್ಟೆ ಅದೊಂದೇ. ಉಳಿದುದನ್ನೆಲ್ಲ ನಾನು ಅಳುತ್ತ ಅಳುತ್ತ ಒಗೆದು ಹಾಕಿದ್ದೆ. ಆಮೇಲೆ ಸ್ವೆಟರನ್ನೂ ಒಗೆದೆ. ಎಂಥ ಚೊಕ್ಕಟ ನನ್ನದು!

ಫೋನು ಬಂತು. ಅನುಷಾ ನಗುತ್ತಿದ್ದಳು. "ಅಜ್ಜಿ, ಸೀರೆ ಒಳಗೆ ತಲೆ ತೂರಿಸಿ ಐದು ನಿಮಿಷ ಹೊರಗೇ ಬರ್ಲಿಲ್ಲ. ಆಮೇಲೆ ತಟ್ಟೆ ಪೂರ್ತಿ ಖಾಲಿ. ತಿಂದು ಸೆರಗಲ್ಲಿ ಮೂತಿ ಒರೆಸ್ಕೊಂಡ! ಯಾರು ಕಲಿಸಿದ್ದು?"

ದಿನಾ ಅವನ ಮೂತಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದವಳು ನಾನೇ. ಎದ್ದು ಚಪ್ಪಲಿ ಮೆಟ್ಟಿದೆ.

ಚಿನ್ಮಯ, ತೊಟ್ಟಿಲ ಬಳಿ ನಿನ್ನ ಹೆಸರು ಕರೆಯಲು ನನ್ನ ಸರದಿ ಬಂದಾಗ ಬಾಯಿಂದ "ಕಿಟ್ಟಪ್ಪಾ" ಎಂದು ಬಂದುಬಿಟ್ಟಿತು. ನಿನ್ನ ಹಾಸನದ ಅಜ್ಜಿ ಅದು ನಮ್ಮ ಮನೆದೇವರ ಹೆಸರೆಂದು ತಿಳಿದು ಕೈಮುಗಿದರು. ಇಂದಿಗೂ ಅವರಿಗೆ ಹೇಳಿಲ್ಲ; ನೀನೂ ಹೇಳಬೇಡ.

ನಾವು ಮರಳಿದಾಗ ಎರಡೂ ಸೀರೆ ವಾಪಸು ಬಂದವು. ನೀಲಿಯದನ್ನೂ ಅಷ್ಟರಲ್ಲಿ ಅವನು ಅಗಿದು, ಉರುಳಾಡಿ, ಗಂಜಿಯೆಲ್ಲ ಇಳಿಸಿ ತನ್ನದು ಮಾಡಿಕೊಂಡಿದ್ದ. ಬೂದು ಸೀರೆಯನ್ನು ಅವನು ಹೋದ ದಿನ ಅವನಿಗೇ ಹೊದಿಸಿ ಕಳಿಸಿದೆ. ಅದಾಗಿ ಎರಡು ವರ್ಷ. ನೀಲಿಯದು ಇಲ್ಲಿದೆ. ಕಾಲೊರೆಸಿಗೆ ಬೇರೆ ಸೀರೆ ಹರಿದೆ.

ಈ ಹಾಳೆಗಳನ್ನು ಆ ಸೀರೆಯ ಮಡಿಕೆಯಲ್ಲೇ ಇಡುತ್ತೇನೆ. ಮೊದಲ ಪುಟದಲ್ಲಿ ಕಾಫಿ ಕಲೆ ಇದೆ, ಇಲ್ಲಿ ಕೆಳಗೆ ಒಗ್ಗರಣೆಯ ಎಣ್ಣೆ ಬೆರಳಿನ ಗುರುತು. ಅಂದವಾಗಿ ಬೇರೆ ಪ್ರತಿ ಬರೆದು ಕೊಡೋಣವೆಂದು ಕೈ ತುರಿಸುತ್ತಿದೆ, ತಡೆದುಕೊಂಡಿದ್ದೇನೆ. ಮಕ್ಕಳೇ, ಜೋಪಾನವಾಗಿಟ್ಟುಕೊಳ್ಳಿ, ಇದ್ದ ಹಾಗೇ. ಮುಂದೆಂದಾದರೂ ನಿಮಗೆ ಅನ್ನ ಸೇರದ ದಿನ ಬಂದರೆ, ತೆಗೆದು ಒಮ್ಮೆ ಮೂಸಿ ನೋಡಿ.