ಪ್ರಸ್ಥಾನಕ್ಕಿಟ್ಟ ಪಂಚೆ

ಶಕುನ, ಮುಹೂರ್ತ, ಗಾಳಿ ಸೋಕುವುದು, ಇವು ಯಾವುದನ್ನೂ ನಾನು ನಂಬಿದವನಲ್ಲ. ಬೆಕ್ಕು ಅಡ್ಡ ಬಂತೆಂದು ಮನೆಗೆ ಹಿಂತಿರುಗಿ ತಡವಾಗಿ ಶಾಲೆಗೆ ಬಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟ್ರು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಹುಣಸೂರಿನಲ್ಲಿದ್ದಾಗ ನಡೆದ ಒಂದು ಸಂಗತಿ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗು ಬಂದರೆ ನಗಿ.

ನನಗೆ ಹಳೆಯ ಕಲ್ಲುಗಳ ಹುಚ್ಚು. ಮಂಗಳೂರಿನಾಚೆ ಕಡಲ ದಂಡೆಯಲ್ಲಿ ಒಂದು ಹಾಳುಪಟ್ಟಣವಿದೆ, ಮುರಿದ ಕೋಟೆಯ ಮೆಟ್ಟಿಲು ನೇರವಾಗಿ ಸಮುದ್ರಕ್ಕೇ ಇಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದೇ ನಾನು ಕಂಡಿದ್ದ ದೊಡ್ಡ ನೀರು. ಸಮುದ್ರವನ್ನು ನೋಡಿರಲಿಲ್ಲ. ಗೆಳೆಯ ಗುರುಸಿದ್ದಪ್ಪನಿಗೂ ನನ್ನ ಹುಚ್ಚು ಅಂಟಿತು. ನಮ್ಮೂರು ಹೊಸ ಅಗ್ರಹಾರದ ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕೂತು ಅಕ್ಷರ ಕಲಿತವರು ನಾವು. ಅವನದು ಹುಣಸೂರಿನಲ್ಲಿ ಜವಳಿ ಅಂಗಡಿ. ಎರಡು ವರ್ಷ ಸಂಜೆಯೆಲ್ಲ ಅದೇ ಮಾತು. ಕರಾವಳಿಯಿಂದ ಉಪ್ಪು ತರುವ ಗಾಡಿಯವರನ್ನು ಕೇಳಿ ಕೇಳಿ ನಾನೊಂದು ನಕ್ಷೆ ಬರೆದೆ. ಎಲ್ಲಿ ದೋಣಿ ಹತ್ತಬೇಕು, ಎಲ್ಲಿ ತಂಗಬೇಕು, ಎಲ್ಲವೂ ಅದರಲ್ಲಿತ್ತು.

ಕೊನೆಗೆ ಒಂದು ಸೋಮವಾರ ಬೆಳಿಗ್ಗೆ ಮಡಿಕೇರಿ ಬಸ್ಸಿಗೆ ಹೊರಡುವುದೆಂದು ನಿಶ್ಚಯವಾಯಿತು. ಸೋಮವಾರ ದಿನ ಚೆನ್ನಾಗಿಲ್ಲ ಎಂದು ಅಮ್ಮ ತಕರಾರು ತೆಗೆದಳು. ಅದಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಒಳ್ಳೆಯ ದಿನ ನೋಡಿ ಪ್ರಯಾಣದ ಬಟ್ಟೆಯನ್ನು ಗಂಟು ಕಟ್ಟಿ ಬೇರೊಬ್ಬರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಇಟ್ಟ ಮೇಲೆ ಹೋಗದೆ ಗಂಟನ್ನು ವಾಪಸು ತರಬಾರದು. ಅಮ್ಮನ ಸಮಾಧಾನಕ್ಕೆಂದು ಒಪ್ಪಿಕೊಂಡೆ. ಶುಕ್ರವಾರ ನನ್ನ ಕೆಂಪಂಚಿನ ಪಂಚೆಯನ್ನು ವಸ್ತ್ರದಲ್ಲಿ ಸುತ್ತಿ ಅವಳೇ ಅರಿಸಿನದ ದಾರ ಬಿಗಿದಳು. ಅವಳು ಎಡಚಿ. ಅವಳು ಬಿಗಿದದ್ದನ್ನು ಬಿಚ್ಚಲು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಆಗುತ್ತಿರಲಿಲ್ಲ, ಕತ್ತರಿಸಬೇಕಿತ್ತು. ಆ ಗಂಟನ್ನು ಗುರುಸಿದ್ದನ ಮನೆಯಲ್ಲಿ ಗೋಡೆಯೆತ್ತರದ ಹಲಗೆ, ನಾಗೊಂದಿಗೆಯ ಮೇಲಿಟ್ಟು, ನಕ್ಷೆಯನ್ನೂ ಅವನ ಕೈಗೆ ಕೊಟ್ಟು ಬಂದೆ. ಅವನ ಹೆಂಡತಿ ಹೆರಿಗೆಗೆಂದು ತೌರಿಗೆ ಹೋಗಿದ್ದಳು. ಮನೆಯಲ್ಲಿ ಅವನೊಬ್ಬನೇ.

ಸೋಮವಾರ ಬಸ್ಸು ಬಂತು, ಹೋಯಿತು, ಅವನು ಬರಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಮನೆಗೆ ಓಡಿದೆ. ಬೀಗ. ಪಕ್ಕದ ಎಣ್ಣೆ ಅಂಗಡಿಯ ಮುದುಕರು ನನ್ನನ್ನು ನೋಡಿ ಬೆರಗಾದರು.

"ನೆನ್ನೆ ಒತ್ತಾರೇನೇ ಓದ್ರಲ್ಲಾ ಮೇಷ್ಟ್ರೇ, ಬಾಮೈದ್ನ ಕಾರಲ್ಲಿ. ನೀವು ಬರಾಕಿಲ್ಲ ಅಂದ್ರಂತೆ?"

ಮೈಸೂರಿನ ಭಾಮೈದ ಹೊಸ ಕಾರು ಕೊಂಡಿದ್ದ. ಅದರಲ್ಲಿ ಅವನ ಗೆಳೆಯರು ತುಂಬಿಕೊಂಡಿದ್ದರು. ನನಗೆ ಜಾಗವಿರಲಿಲ್ಲ, ನನ್ನ ನಕ್ಷೆಗೆ ಇತ್ತು. ಬಿಟ್ಟು ಹೋದದ್ದಕ್ಕಿಂತ, ನಾನೇ ಬರುವುದಿಲ್ಲವೆಂದೆ ಎಂದು ಊರಿಗೆ ಹೇಳಿ ಹೋದದ್ದು ನನ್ನನ್ನು ಸುಟ್ಟಿತು. ನಾನೊಬ್ಬನೇ ಹೊರಡಬಹುದಿತ್ತು. ಸಿಟ್ಟು ಬಿಡಲಿಲ್ಲ. ಹಾಕಿದ್ದ ರಜೆಯಲ್ಲಿ ಮನೆಯಲ್ಲೇ ಮುಖ ಗಂಟಿಕ್ಕಿಕೊಂಡು ಕೂತೆ.

ಒಂಬತ್ತನೆಯ ದಿನ ಮಧ್ಯಾಹ್ನ ಅವನೇ ಬಂದ. ಬಂದವನು ತಲೆಯೆತ್ತಲಿಲ್ಲ. ತಪ್ಪಾಯಿತೆಂದು ಗೊಣಗಿ ನನ್ನ ಗಂಟನ್ನು ಜಗುಲಿಯ ಮೇಲಿಟ್ಟ. ದಾರ ಹಾಗೇ ಇತ್ತು. ಅಮ್ಮ ಹೊರಗೆ ಬಂದು, ತಾನು ಬಿಗಿದದ್ದೇ ಹೌದೆಂದು ನೋಡಿ, ನಮ್ಮಿಬ್ಬರ ಎದುರಿಗೇ ಬಿಚ್ಚಿದಳು.

ಪಂಚೆ ತೇವವಾಗಿತ್ತು. ಅಂಚು ಗಂಜಿ ಹಾಕಿದಂತೆ ಬಿರುಸಾಗಿ ಬೆಳ್ಳಗೆ ಗೆರೆಗಟ್ಟಿತ್ತು. ಕೊಡವಿದರೆ ಮರಳು, ಚಿಪ್ಪಿನ ಚೂರು. ಅಂಚನ್ನು ನಾಲಗೆಗೆ ತಾಗಿಸಿದೆ. ಉಪ್ಪು.

ನನ್ನ ಬಟ್ಟೆಯನ್ನೂ ಉಟ್ಟು ಮೆರೆದು ಬಂದೆಯಾ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಪಂಚೆಯನ್ನೇ ನೋಡುತ್ತ ಜಗುಲಿಯ ಮೇಲೆ ಕೂತ. ಆಮೇಲೆ ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡ. ಗಂಟು ನಾಗೊಂದಿಗೆಯ ಮೇಲೇ ಇತ್ತು, ಬೀಗದ ಕೈ ತನ್ನ ಉಡಿದಾರದಲ್ಲಿತ್ತು ಎಂದು ಆಣೆ ಮಾಡಿದ. ನಮ್ಮವರು ಲಿಂಗ ಮುಟ್ಟಿ ಸುಳ್ಳಾಡುವುದಿಲ್ಲ.

"ಯೋಳದೇ ಬ್ಯಾಡ ಅಂದ್ಕೊಂಡಿದ್ದೆ ಕಣ್ಲಾ," ಎಂದ. "ಸಂಜೆ ಆ ಕೋಟೆ ಮೆಟ್ಲು ಮೇಲೆ ನೀನು ಇಳೀತಿದ್ದೆ. ಇದೇ ಪಂಚೆ. ಮೂರು ಸಲ ಕೂಗ್ದೆ. ನೀನು ತಿರುಗಿ ನೋಡ್ನಿಲ್ಲ."

ಭಾಮೈದನೂ ನೋಡಿದ್ದನಂತೆ. ಇವರು ಓಡಿ ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಮಾತ್ರ ಇದ್ದವಂತೆ.

ಅಮ್ಮ ಪಂಚೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. "ಇಟ್ಟ ಪ್ರಸ್ಥಾನ ಓಗ್ ಬಂದದೆ, ಬುಡು ಮಗ," ಎಂದಳು.

ಅವನೇ ಉಟ್ಟಿದ್ದ, ಸಿಕ್ಕಿಬಿದ್ದಾಗ ಕಥೆ ಕಟ್ಟಿದ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾದರೆ ಅಮ್ಮನ ಎಡಗೈಯ ಕಟ್ಟನ್ನು ಮತ್ತೆ ಹಾಕಿದವರು ಯಾರು? ಗುರುಸಿದ್ದನ ಜೊತೆ ಮೊದಲಿನ ಹಾಗೆ ಮಾತು ಕೂಡಲೇ ಇಲ್ಲ. ಅವನ ಮೋಸ ನನಗೆ ಅರ್ಥವಾಗುತ್ತದೆ. ಕಾರಿನ ಆಸೆ, ಭಾಮೈದನ ಮುಂದೆ ಸಂಕೋಚ, ಮನುಷ್ಯ ಜಾರಿದ. ಅರ್ಥವಾಗದವನು ಇನ್ನೊಬ್ಬ. ನಾನು ಎರಡು ವರ್ಷ ಕನಸು ಕಂಡ ಪಟ್ಟಣಕ್ಕೆ ನನ್ನ ಪಂಚೆಯುಟ್ಟು ಹೋದ, ಮೆಟ್ಟಿಲಿಳಿದು ನೀರು ಮುಟ್ಟಿದ, ವಾಪಸು ಬಂದ. ನನಗೆ ಒಂದು ಮಾತೂ ಹೇಳಲಿಲ್ಲ.

ನಾನು ಇವತ್ತಿಗೂ ಸಮುದ್ರ ನೋಡಿಲ್ಲ.